ಲೆಯೊಕಾಡಿಯಾಳ ಕೊನೆಯ ಕಂತು

ಒಂದೇ ಅಳತೆಯ ಎರಡು ಕುರ್ಚಿಗಳಲ್ಲಿ ವಿರಾಜಮಾನರಾಗಿರುವ ಇಬ್ಬರು ಅಧ್ಯಕ್ಷರೇ, ಅವರ ಬೆನ್ನಿಗೆ ಕೂತಿರುವ ಇಬ್ಬರು ವಕೀಲರೇ, ಮಯಾಮಿಯ ಮಹನೀಯರೇ, ಈ ನೇರ ಪ್ರಸಾರವನ್ನು ಮನೆಯಲ್ಲೇ ನೋಡುತ್ತಿರುವ ತಾಯಂದಿರೇ, ನನ್ನ ಪ್ರೀತಿಯ ಸಭಿಕರೇ!

ನಮ್ಮ ‘ದೊಸ್ ಒರೀಯಾಸ್’ ವಾಹಿನಿಗೆ ಇಂದು ಇಪ್ಪತ್ತು ವರ್ಷ. ‘ಎರಡು ದಡ’ ಎಂಬ ಅರ್ಥದ ಈ ಹೆಸರಿಟ್ಟ ಪುಣ್ಯಾತ್ಮರು ನಡುವೆ ನೀರಿರುತ್ತದೆ ಎಂಬುದನ್ನೇ ಮರೆತರು! ಇತ್ತ ಮಯಾಮಿಯ ಕಂಪನಿ, ಅತ್ತ ಮೆಕ್ಸಿಕೋದ ಕಂಪನಿ. ಆಹಾ, ಎಂಥ ಜೋಡಿ! ಉದ್ಘಾಟನೆಗೆ ಒಂದು ರಿಬ್ಬನ್, ಎರಡು ಕತ್ತರಿ. ಎರಡು ಕಡೆಯಿಂದ ಕತ್ತರಿಸಿದಾಗ ನಡುವಿನ ತುಂಡು ನೆಲಕ್ಕೆ ಬಿತ್ತು. ಆ ತುಂಡೇ ನಾವು, ಕಲಾವಿದರು.

ನಿಮ್ಮ ಕೈಲಿರುವ ಸ್ಮರಣ ಸಂಚಿಕೆ ನೋಡಿ. ಹನ್ನೊಂದನೇ ಪುಟದಲ್ಲಿ ಅಧ್ಯಕ್ಷರು ಕೈಕುಲುಕುತ್ತಾರೆ. ಹನ್ನೆರಡನೇ ಪುಟದಲ್ಲಿ ಮತ್ತೆ ಕೈಕುಲುಕುತ್ತಾರೆ. ನಡುವೆ ಹತ್ತು ವರ್ಷ ಕೋರ್ಟಿನಲ್ಲಿ ಕಚ್ಚಾಡಿದ್ದೆಲ್ಲಿ? ಮುದ್ರಣಾಲಯದಲ್ಲಿ ಇಲಿ ತಿಂದಿರಬೇಕು!

ನಾನು ನೆರೇಯ್ದಾ ವಾಲ್ದಿವಿಯೆಸೊ. ಆದರೆ ಆ ಹೆಸರು ಯಾರಿಗೆ ಬೇಕು? ನಿಮಗೆ ನಾನು ‘ಕಳುವಾದ ಮನೆ’ ಧಾರಾವಾಹಿಯ ಲೆಯೊಕಾಡಿಯಾ. ತಂಗಿ ಇನೆಸಿತಾಳನ್ನು ಹುಚ್ಚಾಸ್ಪತ್ರೆಗೆ ತಳ್ಳಿ, ಅವಳ ಮನೆಯಲ್ಲಿ ಮೆರೆದ ಪಾಪಿ. ನಮ್ಮ ಜನರ ಧರ್ಮ ನಿಮಗೆ ಗೊತ್ತು: ಖಳನಾಯಕಿ ನೂರು ಕಂತು ಮೆರೆಯಲಿ, ಕೊನೆಯ ಕಂತಿನಲ್ಲಿ ಮಣ್ಣು ಮುಕ್ಕಲೇಬೇಕು. ಮೆಕ್ಸಿಕೋದವರು ‘ಬೆಂಕಿಯಲ್ಲಿ ಸಾಯಲಿ’ ಎಂದರು. ಮಯಾಮಿಯವರು ‘ಜೈಲಿಗೆ ಹೋಗಲಿ’ ಎಂದರು. ಎರಡನ್ನೂ ಚಿತ್ರೀಕರಿಸಿದರು: ಬೆಳಿಗ್ಗೆ ಸುಟ್ಟರು, ಮಧ್ಯಾಹ್ನ ಬೇಡಿ ತೊಡಿಸಿದರು! ಯಾವುದನ್ನು ತೋರಿಸುವುದೆಂಬ ಜಗಳದಲ್ಲಿ ಪಾಲುದಾರಿಕೆಯೇ ಮುರಿಯಿತು. ಕಥೆ ನೂರಾ ಹತ್ತೊಂಬತ್ತನೇ ಕಂತಿಗೆ ನಿಂತಿತು. ನಾನು ಶಿಕ್ಷೆಯಿಲ್ಲದೆ ಉಳಿದೆ.

ಶಿಕ್ಷೆಯಾಗದ ಪಾಪಿ ಮಯಾಮಿ ಪಕ್ಕದ ನಮ್ಮ ಹಯಲೀಯದ ಬೀದಿಯಲ್ಲಿ ಬದುಕುವುದು ಹೇಗೆಂದು ಬಲ್ಲಿರಾ? ಬೇಕರಿಯ ಮಿಗ್ದಾಲಿಯಾ ತಟ್ಟೆಯನ್ನೇ ಹಿಂದಕ್ಕೆಳೆದಳು: “ಪೇರಲೆ ಪಫ್ ಬೇಕಾ ನಿಂಗೆ? ಮೊದ್ಲು ಆ ಹುಡುಗೀನ ಬಿಡ್ಸು, ಆಮೇಲ್ ಬಾ!” ನಕ್ಕೆ, ಸಭಿಕರೇ. ಕಲಾವಿದೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಉಂಟೇ?

ಈಗ ಪಾಲುದಾರರು ಮತ್ತೆ ಒಂದಾಗಿದ್ದಾರೆ. ಸಂತೋಷ! ಒಂದಾದವರು ಮಾಡಿದ್ದೇನು? ದಿನಾ ಮಧ್ಯಾಹ್ನ ಅದೇ ನೂರಾ ಹತ್ತೊಂಬತ್ತು ಕಂತು, ಮುಗಿದರೆ ಮತ್ತೆ ಒಂದನೆಯದು.

ನನ್ನ ತಾಯಿ ದೊನ್ಯಾ ಕಸಿಲ್ದಾಗೆ ಎಂಬತ್ತೊಂಬತ್ತು. ನೆನಪು ಸೋರಿಹೋಗಿದೆ, ಧಾರಾವಾಹಿ ಮಾತ್ರ ಉಳಿದಿದೆ. ನಾನು ಚಮಚ ಹಿಡಿದು ಹೋದರೆ ಬಾಯಿ ಬಿಗಿಯುತ್ತಾಳೆ. “ಇನೆಸಿತಾನ ಎಲ್ಲಿಟ್ಟಿದ್ದೀಯೇ? ಪಾಪಿ, ನಿನ್ ಕೈ ಸಾರು ನಂಗ್ ಬೇಡ. ನನ್ ಮಗಳು ನೆರೇಯ್ದಾ ಬರ್ಲಿ, ಅವಳ ಕೈಲಿ ಉಣ್ತೀನಿ.” ಪಕ್ಕದ ಮನೆಯಾಕೆ ಬಂದು ಉಣಿಸಬೇಕು. ನಾನು ಬಾಗಿಲ ಹಿಂದೆ ನಿಂತಿರುತ್ತೇನೆ... ಇರಲಿ. ಇದನ್ನು ಹೇಳಬೇಕೆಂದು ಬಂದವಳಲ್ಲ.

ಕೊನೆಯ ಕಂತು, ಯಾವುದಾದರೊಂದು, ತೋರಿಸಿ ಎಂದು ಕೈಮುಗಿದೆ. ಒಬ್ಬ ಅಧ್ಯಕ್ಷರು “ಅವ್ರನ್ ಕೇಳಿ” ಅಂದರು. ಇನ್ನೊಬ್ಬರೂ “ಅವ್ರನ್ ಕೇಳಿ” ಅಂದರು. ಇಪ್ಪತ್ತು ವರ್ಷದಲ್ಲಿ ಇಬ್ಬರೂ ಒಪ್ಪಿದ ಒಂದೇ ಮಾತು! ಕಂತಿನ ಬದಲು ವಕೀಲರು ಈ ಸನ್ಮಾನ ಫಲಕ ಕೊಡಿಸಿದರು. ಭಾರವಾಗಿದೆ.

ಕ್ಯಾಮೆರಾದವರೇ, ನನ್ನ ಮುಖದ ಹತ್ತಿರ ಬನ್ನಿ. ಇನ್ನೂ ಹತ್ತಿರ. ಅಮ್ಮ ಮನೆಯಲ್ಲಿ ಟಿವಿ ಮುಂದೆ ಕೂತಿದ್ದಾಳೆ.

ದೊನ್ಯಾ ಕಸಿಲ್ದಾ ಅವರೇ, ನಾನು ಲೆಯೊಕಾಡಿಯಾ. ಇವತ್ತು ನಾನೇ ಹೋಗಿ ಆಸ್ಪತ್ರೆಯ ಬಾಗಿಲು ತೆಗೆಸಿದೆ. ಇನೆಸಿತಾ ತನ್ನ ಮನೆ ಸೇರಿದಳು. ಅವಳ ಕಾಲು ಹಿಡಿದು ಅತ್ತೆ. ಅವಳು ಎತ್ತಿ ನಿಲ್ಲಿಸಿದಳು. ನಾನು ಊರು ಬಿಟ್ಟು ಹೋಗುತ್ತಿದ್ದೇನೆ, ಇನ್ನು ನಿಮ್ಮ ಮನೆಗೆ ಕಾಲಿಡುವುದಿಲ್ಲ.

ವಕೀಲರೇ, ಕೂತುಕೊಳ್ಳಿ! ಈ ಮುಕ್ತಾಯ ನಿಮ್ಮಲ್ಲಿ ಯಾರೂ ಬರೆಸಿದ್ದಲ್ಲ, ಯಾರ ಆಸ್ತಿಯೂ ಅಲ್ಲ.

ದೊನ್ಯಾ ಕಸಿಲ್ದಾ, ಇನ್ನೊಂದು ಗಂಟೆಯಲ್ಲಿ ಒಬ್ಬಳು ಬಾಗಿಲು ಬಡಿಯುತ್ತಾಳೆ. ಮುಖ ನನ್ನ ಹಾಗೇ ಇರುತ್ತದೆ, ಹೆದರಬೇಡಿ. ಅವಳು ನಿಮ್ಮ ಮಗಳು.

ಕೇಳಿಸಿಕೊಂಡ ಸಭೆಗೆ, ಕ್ಯಾಮೆರಾ ಆರಿಸದ ಹುಡುಗರಿಗೆ ನಾನು ಋಣಿ. ಹೊರಟೆ, ಹೊತ್ತಾಯಿತು. ನಮಸ್ಕಾರ.