ರಾಯ್ಡನ್‌ನ ಬಿಯರ್ ಪಾತ್ರೆ

ಟಿಮರು ಪೇಟೆಯ ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಗ್ಲೆನಿಸ್ ಬಲ್ಬು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಮುಂದಿದ್ದ ಮುದುಕಿ, ಮನೆಯಲ್ಲಿ ಬಿಯರ್ ಕುದಿಸುವ ಹೀಟರ್ ಪಾತ್ರೆಯೊಂದನ್ನು ಕೌಂಟರಿನ ಮೇಲಿಟ್ಟಳು.

“ನಮ್ಮ ಮಗ ರಾಯ್ಡನ್‌ದು. ಯಾರಿಗಾದ್ರೂ ಬೇಕಾದ್ರೆ ಕೊಟ್ಬಿಡಿ.”

ಅಂಗಡಿಯವನು ಪಾತ್ರೆಯನ್ನು ತಿರುಗಿಸಿ ನೋಡಿದ.

“ಮೇವಿಸ್, ನಿಮ್ಮನೇಲಿ ಸೇಫ್ಟಿ ಸ್ವಿಚ್ ಇತ್ತಲ್ಲ? ನಾನೇ ಹಾಕಿದ್ದೆ. ಆದ್ರೂ ಅವ್ನು ಶಾಕ್ ಹೊಡೆದು ತೀರ್ಕೊಂಡಿದ್ದು ಹೇಗೆ?”

“ಅದನ್ನ ತಪ್ಪಿಸಿ ಶೆಡ್ಡಿಗೆ ನೇರ ವೈರ್ ಎಳ್ಕೊಂಡಿದ್ದ. ಬಿಯರ್ ಕುದಿಯೋ ಹೊತ್ತಿಗೇ ಟ್ರಿಪ್ ಆಗ್ತಿತ್ತು.”

“ಹೀಟರ್ ಒಡೆದು ಪಾತ್ರೆಗೆ ಕರೆಂಟು ಸೋರ್ತಿತ್ತು. ಅದಕ್ಕೇ ಟ್ರಿಪ್ ಆಗೋದು. ಅಷ್ಟೂ ಗೊತ್ತಿರ್ಲಿಲ್ವಾ ಅವ್ನಿಗೆ?”

“ಗೊತ್ತಿತ್ತು. ಹೊಸ ಹೀಟರ್ ತರ್ತೀನಿ ಅಂತಿದ್ದ.”

“ಮತ್ಯಾಕೆ ಹಿಂಗ್ಮಾಡ್ದ?”

“ಪ್ರತಿ ಸಲ ನನ್ನ ಟಿವಿನೂ ಆಫ್ ಆಗ್ತಿತ್ತು. ಇನ್ನೊಂದ್ಸಲ ಆದ್ರೆ ಪಾತ್ರೆ ರಸ್ತೆಗೆ ಎಸೀತೀನಿ ಅಂದಿದ್ದೆ.”

ಅಂಗಡಿಯವನು ಇಕ್ಕಳ ತೆಗೆದು ಪಾತ್ರೆಯ ವೈರನ್ನು ಬುಡಕ್ಕೇ ಕತ್ತರಿಸಿದ.

“ಅವತ್ತು ಟಿವಿ ಒಂದ್ಸಲಾನೂ ಆಫ್ ಆಗ್ಲಿಲ್ಲ,” ಅಂದಳು ಮೇವಿಸ್. “ಪರವಾಗಿಲ್ಲ, ನನ್ನ ಮಾತು ಕೇಳಿದಾನೆ ಅಂದ್ಕೊಂಡು ಕೊನೇವರೆಗೂ ನೋಡ್ತಾ ಕೂತಿದ್ದೆ. ಆಮೇಲೆ ಅವನನ್ನ ಊಟಕ್ಕೆ ಕರೆಯೋಕೆ ಶೆಡ್ಡಿಗೆ ಹೋದೆ.”

ಅವಳು ಕೈಚೀಲ ಎತ್ತಿಕೊಂಡು, ಗ್ಲೆನಿಸ್‌ಗೆ ದಾರಿ ಬಿಟ್ಟು ಹೊರಟುಹೋದಳು.