ಕೇಳಿದವರಿಗೆ ಭಂಡಾರ

ಇಲ್ಲ, ಇಲ್ಲ, ಅದು ಕುಷ್ಟಗಿ ಬಸ್ಸು! ಹತ್ತಬ್ಯಾಡ! ಬಾಗಲಕೋಟಿದು ಇನ್ನೂ ಬಂದಿಲ್ಲ. ಕುಂದ್ರು ಮಾದೇವಿ, ಕುಂದ್ರು. ಆ ಬ್ಯಾಗರೆ ಈಕಡಿ ಕೊಡು... ಬ್ಯಾಡ? ಆತು, ನಿನ್ನ ತೊಡಿ ಮ್ಯಾಲೇ ಇರಲಿ. ಕಟಗೊಂಡ ಗಂಡನ ಕೈಗೆ ಬ್ಯಾಗ್ ಕೊಡೂದಿಲ್ಲ ಅಂದ್ರ ಇಳಕಲ್ ಬಸ್‌ಸ್ಟ್ಯಾಂಡಿನ ಮಂದಿ ಏನ ತಿಳೀಬೇಕು? ಇವನ್ಯಾವನೋ ಕಿಸೆಗಳ್ಳ ಅಂತಾರ!

ನಗಲಿಲ್ಲ. ಹೋಗಲಿ ಬಿಡು.

ನೋಡು, ಖರೆ ಹೇಳ್ತೇನಿ. ಮುಂಜಾನಿ ನೀ ಮನ್ಯಾಗನ ಬಾಗಲಕೋಟಿ ವಿದ್ಯಾಗಿರಿ ಕಾಲೇಜಿನವರ ಮುಂದ ಇಂಟರ್‌ವ್ಯೂಕ್ಕ ಕುಂತಿ. ವಿಡಿಯೋದಾಗ ಅವರ ಮಾರಿ ಕಂಡ್ವು. ನೀ 'ನಮಸ್ಕಾರ್ರಿ ಸರ್' ಅಂದಿ. ಅಷ್ಟರಾಗ ಎಲ್ಲಾ ಕಲ್ಲಾಗಿ ನಿಂತ್ವು. ಅದಕ್ಕ ಕಾರಣ ಇಲಿ. ವೈರ್ ಕಡೀತು... ಯಾಕ ಹಂಗ ನೋಡ್ತಿ? ಹೌದು, ಆಗಳೆ ಲೈಟ್ ಹೋಗಿತ್ತು ಅಂದಿದ್ನಿ. ಲೈಟೂ ಹೋಗಿತ್ತು! ಕತ್ತಲಿ ಆತು, ಇಲಿಗೆ ಧೈರ್ಯ ಬಂತು... ಮುಂಜಾನಿ ಎಲ್ಲಿ ಕತ್ತಲಿ, ಅದೂ ಖರೆ ಬಿಡು.

ಆತು. ಇಲಿ ಬ್ಯಾಡ. ಬೀರಪ್ಪನ ಆಣಿ ಮಾಡಿ... ಕೈ ಯಾಕ ಅಡ್ಡ ಹಿಡದಿ? ಮಾಡಬ್ಯಾಡ? ಮಾಡೂದಿಲ್ಲ ತಗೊ.

ತಪ್ಪು ಆ ಪೆಟ್ಟಿಗಿದು. ಪಡಸಾಲ್ಯಾಗಿನ ನನ್ನ ಇಂಟರ್ನೆಟ್ ಅಂಗಡ್ಯಾಗ ಮಿಣಿಮಿಣಿ ದೀಪ ಹಚಗೊಂಡು ಕುಂತೈತಲ್ಲ, ಅದರದು. ಇಡೀ ಓಣಿ ನೆಟ್ಟು ಅದರ ಬಾಯಾಗ ಹಾದು ಹೋಗಬೇಕು. ಯಾರು ಮುಂದ, ಯಾರು ಹಿಂದ, ಪಾಳಿ ಹಚ್ಚೂದು ಅದರ ಕೆಲಸ. ಮಾತಾಡೂ ವಿಡಿಯೋ ತಡಿಯೂದಿಲ್ಲ, ಅದು ಮುಂದ. ಸಿನಿಮಾ ಇಳಸೂದು ನಿಂತ್ರೂ ನಡೀತೈತಿ, ಅದು ಹಿಂದ. ಆದ್ರ ಅದರ ಮೆಮೊರಿ... ಗುಬ್ಬಿ ಹೊಟ್ಟಿ! ಮನಿಗೊಂದು ಪಾಳಿ ನೆನಪಿಟ್ಟು ನೆನಪಿಟ್ಟು ತಲಿ ತುಂಬತಿತ್ತು. ತುಂಬಿದ ಕೂಡ್ಲೆ ಸಂತ್ಯಾಗಿನ ಮೊಂಡ ಎತ್ತಿನಂಗ ಕುಂತ ಬಿಡತಿತ್ತು. ಇವತ್ತೂ ಹಂಗ ಆತು. ತುಂಬತು, ಕುಂತತು. ನನ್ನದೇನ ತಪ್ಪೈತಿ ಇದರಾಗ?

...ಹೌದು. ಹೋದ ತಿಂಗಳ ನಾನ ಹೇಳಿದ್ನಿ, ಮೆಮೊರಿ ಚಿಂತಿ ಹರೀತು ಅಂತ. ಚಾದ ಅಂಗಡ್ಯಾಗ ಮಂದಿ ಕೂಡಿಸಿ ಹೇಳಿದ್ನಿ. ಹೇಳದ ಏನ ಮಾಡ್ಲಿ, ಎಂಥಾ ಯುಕ್ತಿ ಅದು! ಮನಿಮನಿ ಹೆಸರು ಪೆಟ್ಟಿಗಿ ಯಾಕ ನೆನಪಿಡಬೇಕು? ಮನಿಯಿಂದ ನೆಟ್ಟು ಹೊಂಡೂವಾಗನ ಅದರ ಹಣಿಗೊಂದು ಗುರುತು ಹಚ್ಚಿ ಕಳಸು! ಗುರುತು ಇದ್ದದ್ದು ಮುಂದಿನ ಪಾಳಿ, ಇಲ್ಲದ್ದು ಹಿಂದಿನ ಪಾಳಿ. ಎರಡ ಪಾಳಿ, ಮುಗೀತು. ಮಂದಿ ಮುಖ ನೋಡಿ ಮಣಿ ಹಾಕ್ತಾರ, ನನ್ನ ಪೆಟ್ಟಿಗಿ ಹಣಿ ನೋಡಿ ಮಣಿ ಹಾಕ್ತೈತಿ! ಹೆಸರೂ ಬ್ಯಾಡ, ನೆನಪೂ ಬ್ಯಾಡ. ಬೀರಪ್ಪನ ಗುಡ್ಯಾಗ ಪೂಜಾರಿ ಹಣಿಗೆ ಅರಿಷಿಣ ಬಡದು ಕಳಸ್ತಾನಲ್ಲ, ಅದ ಧಾಟಿ. ಅದಕ್ಕ ಆ ಗುರುತಿಗೆ ಭಂಡಾರ ಅಂತ ಹೆಸರಿಟ್ನಿ...

ತಡಿ. ಏನ ವಿಚಾರ ಮಾಡಾಕತ್ತಿ? ಮೆಮೊರಿನ ಬ್ಯಾಡಾದ ಮ್ಯಾಲ ಅದು ತುಂಬಿದ್ದು ಹೆಂಗ ಅಂತ? ಬಾಯಿ ಬಿಚ್ಚದ ಪ್ರಶ್ನಿ ಕೇಳೂದು ನಿನ್ನ ಹತ್ರನ ಕಲೀಬೇಕು, ಮಾರಾಯ್ತಿ!

ಆತು. ತುಂಬಿರಲಿಲ್ಲ. ಮಂದಿದು ತಪ್ಪು. ಮೊದಲ ದವಾಖಾನಿಗೆ ಹಚ್ಚಿದ್ನಿ, ಸಾಲಿಗೆ ಹಚ್ಚಿದ್ನಿ. ಅಷ್ಟ ಸಾಕಿತ್ತು. ಗ್ರಾನೈಟ್ ಪಾಲಿಶ್ ಮಾಡೂ ಹಣಮೇಶ ಬಂದ, 'ಮಾಳಿಂಗಣ್ಣ, ನಮಗೂ ಒಂದೀಟ ಭಂಡಾರ' ಅಂದ. ಏನ ಮಾಡ್ಲಿ? ಕೈ ಒಡ್ಡಿದವರಿಗೆ ಭಂಡಾರ ಇಲ್ಲ ಅನ್ನೂ ಮಂದಿ ಏನ ನಾವು? ನಮ್ಮ ಮುತ್ಯಾ ವೈರಿ ಹಣಿಗೂ ಹಚ್ಚಿದಾವ! ಕೊಟ್ನಿ. ಬಾಜೂ ಮನಿ ಹುಸೇನಬಿ ಚಾಚಿ ಬಂದ್ಲು, 'ನಿಮ್ಮ ಬೀರಪ್ಪಂದು ನಮಗೂ ನಡೀತೈತೋ' ಅಂದ್ಲು. ಕೊಟ್ನಿ. ಸೀರಿ ಮಗ್ಗದವರಿಗೆ ಕೊಟ್ನಿ. ಇಡೀ ಓಣಿ ಮುಂದಿನ ಪಾಳ್ಯಾಗ! ಎಲ್ಲಾರೂ ಮುಂದ ನಿಂತ್ರ ಮುಂದ ಅನ್ನೂದರೆ ಎಲ್ಲೈತಿ? ಜಗ್ಗಾಟ, ನೂಕಾಟ... ಅದರಾಗ ಸಿಕ್ಕು ನಿನ್ನ ಇಂಟರ್‌ವ್ಯೂ...

ಮತ್ತ ಅದ ನೋಟ.

ಕೇಳಿಸ್ತಿತ್ತು, ನನಗೂ ಕೇಳಿಸ್ತಿತ್ತು. ಗ್ವಾಡಿ ಆಚಿ ಹುಸೇನಬಿ ದುಬೈದಾಗಿನ ಸೊಸಿ ಸಾಜಿಯಾನ ಜೋಡಿ ವಿಡಿಯೋ ಹಚಗೊಂಡು ನಗಾಕತ್ತಿದ್ಲು. ಆಕಿದು ಒಂದ ಮಾತೂ ಹರೀಲಿಲ್ಲ. ಇತ್ತ ನೀ ಲ್ಯಾಪ್‌ಟಾಪ್ ಎತಗೊಂಡು ಅಡಗಿಮನಿಗೆ ಓಡಿದಿ, ಮಾಳಗಿ ಹತ್ತಿದಿ, 'ಸರ್, ಕೇಳಸ್ತೈತೇನ್ರಿ? ಸರ್...' ಅಂತ. ನಾ ಪಡಸಾಲ್ಯಾಗ ಕುಂತು ಪೆಟ್ಟಿಗಿ ದೀಪ ನೋಡಾಕತ್ತಿದ್ನಿ.

ಬೈ ಮಾದೇವಿ! ಬೈದ್ರ ಬದುಕತೇನಿ. ಹಿಂಗ ಸುಮ್ನ ಕುಂದ್ರಬ್ಯಾಡ...

ಓಣ್ಯಾಗ ಭಂಡಾರ ಇಲ್ಲದ ಮನಿ ಒಂದ. ನಮ್ಮದು.

ಮರತಿದ್ದಿಲ್ಲ. ಮರತೆ ಅಂತ ಹೇಳೂ ಮನಸಿತ್ತು, ನೀ ಅದಕ್ಕೂ ಜಾಗಾ ಬಿಡಲಿಲ್ಲ. ಹಣಮೇಶ ಕೇಳಿದ, ಹುಸೇನಬಿ ಕೇಳಿದ್ಲು. ನೀ ಕೇಳಲಿಲ್ಲ. ನಿನ್ನೆ ಇಡೀ ದಿನ ನಿನ್ನ ಮುಂದ ಸುಳಿದಾಡಿದ್ನಿ, ಈಗ ಕೇಳ್ತಾಳ, ಆಮ್ಯಾಲ ಕೇಳ್ತಾಳ ಅಂತ. ಎಂ.ಎ. ಕಟ್ಟುವಾಗ ಕೇಳಲಿಲ್ಲ, ಕಾಲೇಜಿಗೆ ಅರ್ಜಿ ಹಾಕುವಾಗ ಕೇಳಲಿಲ್ಲ. ಊರಿಗೆಲ್ಲಾ ಬೇಕಾದ ಮಾಳಿಂಗರಾಯ ಮನ್ಯಾಕಿಗೆ ಬ್ಯಾಡ! ಒಂದೀಟ ಚಾಷ್ಟಿ ಮಾಡೂಣು ಅಂದ್ಕೊಂಡ್ನಿ. ವಿಡಿಯೋ ಒಂದ ಗಳಿಗಿ ನಿಲ್ಲಲಿ, 'ರೀ, ಬರ್ರಿಲ್ಲೆ' ಅಂತ ಕರೀತಾಳ, ಎದ್ದು ಹೋಗಿ ಹಚ್ಚಿ ಮೆರೀತೇನಿ ಅಂತ... ನೀ ಕಲ್ಲಾಗಿ ನಿಂತ ಆ ಮಾರಿಗಳನ್ನ ಕರದಿ, ಗ್ವಾಡಿ ಕರದಿ. ನನ್ನ ಕರೀಲಿಲ್ಲ.

ಬಂತು. ಬಾಗಲಕೋಟಿ. ನಿಲ್ಲು, ನಿಲ್ಲು! ಕಾಲೇಜಿನವರು ಇಂಟರ್‌ವ್ಯೂಕ್ಕ ಸಂಜಿತನಕ ಕುಂತಿರ್ತಾರಲ್ಲ? ನಾ ಬಂದು ಹೇಳ್ತೇನಿ. 'ಆಕಿ ತಯಾರಾಗಿ ಕುಂತಿದ್ಲು, ಕೆಡಿಸಿದಾವ ನಾ' ಅಂತ. ಮಾರಿಗೆ ಉಗಳಲಿ ಬೇಕಾದ್ರ. ನೀ ಬಾ ಅನ್ನು. ಒಂದ ಸಲ ಅನ್ನು, ಸಾಕು. ಮಾದೇವಿ... ಕಣ್ಣಿಲೆ ಅಂದ್ರೂ ನಡೀತೈತಿ...

ಅನ್ನೂದಿಲ್ಲ.

ಕಂಡಕ್ಟರ್ ಸಾಹೇಬ್ರ, ತಡೀರಿ, ತಡೀರಿ! ಒಂದ ವಿದ್ಯಾಗಿರಿ. ಆಕಿದು ಪುಕಟ್ ಐತ್ರಿ, ಆಧಾರ್ ಆಕಿನ ತೋರಸ್ತಾಳ, ಅದಕ್ಕೂ ನನ್ನ ಕೇಳೂದಿಲ್ಲ. ಜೋಡಿ ಅಲ್ಲರಿ... ಆಕಿ ಕರದಿಲ್ಲ. ನಾನ ಹೊಂಟೇನಿ.