ಖಾಲಿ ಕುರ್ಚಿಗೆ ಹೊದಿಸಿದ ಶಾಲು

ನಿನ್ನೆಯ ಪ್ರವಚನದಲ್ಲಿ ಸೇವೆಯ ವಿಚಾರ ಬಂದಾಗ ಮುಂದಿನ ಸಾಲಿನಲ್ಲಿ ನಾಲ್ಕೈದು ಜನ ಕಣ್ಣೊರೆಸಿಕೊಂಡಿರಿ. ನಾನು ನೋಡಿದೆ. ಸಂತೋಷವೂ ಆಯಿತು, ಸ್ವಲ್ಪ ಅನುಮಾನವೂ ಬಂತು. ಆ ಅನುಮಾನಕ್ಕಾಗಿ ಇವತ್ತು ಒಂದು ಕಥೆ.

ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಸಣ್ಣ ಊರು. ಇದ್ದದ್ದು ಒಂದೇ ಟಾಕೀಸು, ಅದು ಅವನದು. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅವನನ್ನು ಪಾಪಿ ಎಂದುಕೊಂಡು ಆರಾಮವಾಗಿ ಕೂತುಬಿಡುತ್ತೀರಿ. ಅವನು ಒಳ್ಳೆಯವನು. ನಿಮ್ಮಷ್ಟೇ ಒಳ್ಳೆಯವನು.

ಅವನ ತಾಯಿ ಲಕ್ವ ಹೊಡೆದು ಒಂಬತ್ತು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಮಾತಿಲ್ಲ, ತಾವಾಗಿ ಮಗ್ಗುಲು ಬದಲಿಸುವ ಶಕ್ತಿಯೂ ಇಲ್ಲ. ನೋಡಿಕೊಳ್ಳುತ್ತಿದ್ದವಳು ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಬಂದ ತಿಂಗಳಿಗೇ ತಾಯಿ ಮಲಗಿದರು, ಇವಳು ಆ ಕೋಣೆ ಸೇರಿದಳು. ತಮ್ಮನಿಗೆ ಅಕ್ಕನ ಮೇಲೆ ಬಹಳ ಅಭಿಮಾನ. ಟಾಕೀಸಿಗೆ ಹೊಸ ಸಿನಿಮಾ ಬಂದಾಗಲೆಲ್ಲ ಮೊದಲ ಪಾಸು ಅವಳಿಗೇ. ಗುಲಾಬಿ ಬಣ್ಣದ ದಪ್ಪ ಕಾಗದದ ಪಾಸು, ಬಾಲ್ಕನಿಯದು. ಕೋಣೆಯ ಬಾಗಿಲಲ್ಲಿ ನಿಂತು ಕೊಡುತ್ತಿದ್ದ, "ಹೋಗ್ಬಾ ಅಕ್ಕ" ಎನ್ನುತ್ತಿದ್ದ, ಹೊರಟುಹೋಗುತ್ತಿದ್ದ. ಅವಳು ಹೋದಳೇ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.

ಹೀಗಿರುವಾಗ ಒಂದು ಸಂಸಾರದ ಸಿನಿಮಾ ಬಂತು. ಮೂವರು ಅಣ್ಣತಮ್ಮಂದಿರು ಬೇರೆಬೇರೆಯಾಗುತ್ತಾರೆ, ಹಾಸಿಗೆ ಹಿಡಿದ ಅತ್ತೆಯನ್ನು ಕಿರಿಸೊಸೆ ಮಾತ್ರ ಬಿಟ್ಟು ಹೋಗುವುದಿಲ್ಲ. ಅಷ್ಟೇ ಕಥೆ. ಊರಿಗೆ ಊರೇ ಬಂದು ಅತ್ತಿತು. ಸೊಸೆ ಅತ್ತೆಗೆ ಗಂಜಿ ಕುಡಿಸುವ ದೃಶ್ಯಕ್ಕೆ ನಮ್ಮ ಶ್ರೀಮಂತ ಎಲ್ಲಿದ್ದರೂ ಓಡಿ ಬಂದು ಬಾಗಿಲ ಪರದೆಯ ಪಕ್ಕ ನಿಲ್ಲುತ್ತಿದ್ದ, ಕರ್ಚೀಫು ತೆಗೆಯುತ್ತಿದ್ದ. ದಿನಕ್ಕೆ ಮೂರು ಆಟ, ದಿನಕ್ಕೆ ಮೂರು ಸಲ ಅಳು. ಮನೆ ಟಾಕೀಸಿನ ಹಿಂದಿನ ಬೀದಿಯಲ್ಲೇ ಇತ್ತು, ನೋಡಿ. ಆ ಮನೆಯಲ್ಲಿ ಅದೇ ಹೊತ್ತಿಗೆ ಯಾರೋ ಯಾರಿಗೋ ಗಂಜಿ ಕುಡಿಸುತ್ತಿದ್ದರು.

ಸಿನಿಮಾ ಐವತ್ತು ದಿನ ಓಡಿತು. ಸಮಾರಂಭ ಮಾಡಬೇಕೆಂದು ಹೊರಟವನಿಗೆ ಥಟ್ಟನೆ ಹೊಳೆಯಿತು: ನಮ್ಮ ಮನೆಯಲ್ಲೂ ಅಂಥವಳೊಬ್ಬಳಿದ್ದಾಳಲ್ಲ! ಅಕ್ಕನಿಗೇ ಸನ್ಮಾನ ಎಂದ. ಶಾಮಿಯಾನ ಹಾಕಿಸಿದ, ಓಲಗದವರಿಗೆ ಹೇಳಿದ, ಜರಿ ಅಂಚಿನ ಶಾಲು ತರಿಸಿದ. ಆ ದಿನ ಬೆಳಿಗ್ಗೆ ರೇಷ್ಮೆ ಸೀರೆ ಹಿಡಿದು ಕೋಣೆಗೆ ಬಂದ. "ಅಕ್ಕ, ಸಂಜೆ ನೀನು ಸ್ಟೇಜ್ ಮೇಲೆ ಕೂತ್ಕೋಬೇಕು."

ಅಕ್ಕ ಕೇಳಿದಳು, "ಅಮ್ಮನ ಹತ್ರ ಯಾರು ಕೂತ್ಕೋತಾರೋ?"

ನೋಡಿ, ಎಲ್ಲ ಏರ್ಪಾಡಾಗಿತ್ತು. ಹಾರ ತರುವವರು ಯಾರು, ಆರತಿ ಎತ್ತುವವರು ಯಾರು, ವಂದನಾರ್ಪಣೆ ಯಾರದು, ಎಲ್ಲ ಗೊತ್ತಾಗಿತ್ತು. ಅಮ್ಮನ ಹತ್ತಿರ ಕೂರುವವರು ಯಾರು ಎಂಬುದೊಂದು ಮಾತ್ರ ಯಾರ ತಲೆಗೂ ಬಂದಿರಲಿಲ್ಲ. ಹೆಂಡತಿ ಆರತಿ ಎತ್ತಬೇಕು. ಮಗ ಅತಿಥಿಗಳನ್ನು ಕರೆತರಬೇಕು. ಇವನು ಭಾಷಣ ಮಾಡಬೇಕು, ಅದೂ ಸೇವೆಯ ಮೇಲೆ.

ಏನು ಮಾಡಿದರು ಗೊತ್ತೇ? ವೇದಿಕೆಯ ಮೇಲೆ ಒಂದು ಕುರ್ಚಿ ಇಟ್ಟು, ಆ ಖಾಲಿ ಕುರ್ಚಿಗೆ ಶಾಲು ಹೊದಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಗಬೇಡಿ. ನಾವೂ ನೀವೂ ದಿನಾ ಮಾಡುವುದು ಇದನ್ನೇ.

ಮಾರನೆಯ ದಿನ ಶಾಲು ತಂದು ಅಕ್ಕನ ಕೈಗಿಟ್ಟ. ಅವಳು ಮುಟ್ಟಿ ನೋಡಿದಳು. "ಬೆಚ್ಚಗಿದೆ ಕಣೋ. ಅಮ್ಮನಿಗೆ ಹೊದಿಸ್ತೀನಿ. ನನಗೆ ಒಂದು ಮ್ಯಾಟಿನಿ ಬೇಕು."

"ಅಷ್ಟೇನಾ? ಪಾಸ್ ಕೊಟ್ಟಿದ್ದೀನಲ್ಲಕ್ಕ."

"ಪಾಸಿದೆ. ನೀನು ಕೂತ್ಕೋ, ನಾನು ಹೋಗ್ತೀನಿ."

ಕೂತ. ಒಳ್ಳೆಯವನು ಎಂದೆನಲ್ಲ. ಅಕ್ಕ ಹೋಗುವಾಗ ಹೇಳಿದ್ದು ಎರಡೇ ಮಾತು: "ಮಗ್ಗುಲು ಯಾವಾಗ ಬದಲಿಸ್ಬೇಕು ಅಂತ ಮಂಚದ ಕೆಳಗಿನ ಡಬ್ಬಿಯಲ್ಲಿ ಬರೆದಿಟ್ಟಿದ್ದೀನಿ. ಗಂಜಿ ಕೊಡೋವಾಗ ತಲೆ ಎತ್ತಿ ಹಿಡ್ಕೋ."

ಸ್ವಲ್ಪ ಹೊತ್ತಿನ ಮೇಲೆ ಮಂಚದ ಕೆಳಗಿನ ಬಿಸ್ಕತ್ ಡಬ್ಬಿ ಎಳೆದು ತೆಗೆದ. ತುಂಬ ಗುಲಾಬಿ ಪಾಸುಗಳು. ಒಂಬತ್ತು ವರ್ಷದ ಪಾಸುಗಳು, ಒಂದರ ಮೂಲೆಯನ್ನೂ ಗೇಟಿನವನು ಹರಿದಿಲ್ಲ. ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ: 'ಎಂಟು ಗಂಟೆ, ಎಡ. ಹತ್ತು, ಬಲ. ಹನ್ನೆರಡು, ಎಡ.' ಅವನು ಪ್ರೀತಿಯಿಂದ ಕೊಟ್ಟದ್ದನ್ನು ಅವಳು ಬಳಸಿದ್ದಳು. ಬರೆಯಲು ಬಳಸಿದ್ದಳು.

ನಾಲ್ಕು ಗಂಟೆಗೆ ತಾಯಿಯನ್ನು ಮಗ್ಗುಲಿಗೆ ತಿರುಗಿಸಬೇಕಿತ್ತು. ಎರಡು ಕೈಯನ್ನೂ ಬೆನ್ನಿನಡಿ ಹಾಕಿ ಎತ್ತಲು ಹೋದ. ಹಗುರ ಎಂದುಕೊಂಡಿದ್ದ ಮೈ ಭಾರವಾಗಿತ್ತು, ಸೊಂಟ ಹಿಡಿಯಿತು. ಆಗ ತಾಯಿಯ ಬೆನ್ನು ಕಂಡಿತು. ಒಂಬತ್ತು ವರ್ಷ ಮಲಗಿದ ಬೆನ್ನಿನ ಮೇಲೆ ಒಂದೇ ಒಂದು ಹುಣ್ಣಿರಲಿಲ್ಲ. ಅವನಿಗೆ ಅಳು ಬಂತು. ಟಾಕೀಸಿನ ಅಳುವಲ್ಲ ಇದು. ಕರ್ಚೀಫು ಜೇಬಿನಲ್ಲೇ ಇತ್ತು, ತೆಗೆಯಲು ಕೈ ಖಾಲಿ ಇರಲಿಲ್ಲ.

ಸಂಜೆ ಅಕ್ಕ ಬಂದಳು. "ಹೇಗಿತ್ತಕ್ಕ ಸಿನಿಮಾ?"

"ಹೆಸರು ಬರೋ ಹೊತ್ತಿಗೇ ನಿದ್ದೆ ಬಂತು ಕಣೋ. ಗೇಟಿನವನು ಬಂದು ಎಬ್ಬಿಸಿದ." ಸ್ವಲ್ಪ ನಾಚಿಕೊಂಡೇ ಹೇಳಿದಳು. "ಎಷ್ಟು ಒಳ್ಳೆ ನಿದ್ದೆ ಅಂತೀಯಾ."

ತಮ್ಮ ಡಬ್ಬಿಯ ಮುಚ್ಚಳ ಹಾಕಿ ಮಂಚದ ಕೆಳಗೆ ತಳ್ಳಿದ. ಆಮೇಲೆ, "ಮುಂದಿನ ಮಂಗಳವಾರ ಮತ್ತೆ ಹೋಗು" ಎಂದ.

"ಆಗಲೂ ನಿದ್ದೆ ಬಂದ್ರೆ?"

"ಅದರ ಮುಂದಿನ ಮಂಗಳವಾರ ಹೋಗು."

ಆ ಸಿನಿಮಾ ಪೂರ್ತಿ ನೋಡಲು ಅವಳಿಗೆ ಐದು ಮಂಗಳವಾರ ಬೇಕಾಯಿತು. ಜನ ಬರುವುದು ನಿಂತ ಮೇಲೂ ಮಂಗಳವಾರ ಮಧ್ಯಾಹ್ನ ಒಂದು ಆಟ ಇಟ್ಟಿದ್ದ. ಕೊನೆಗೆ ನೋಡಿ ಬಂದು ಅವಳು ಹೇಳಿದ್ದಿಷ್ಟು: "ಆ ಹುಡುಗಿಗೆ ಗಂಜಿ ಕುಡಿಸೋಕೇ ಬರೋದಿಲ್ಲ. ತಲೆ ಎತ್ತದೆ, ಮಲಗಿದ ಹಾಗೇ ಬಾಯಿಗೆ ಹಾಕ್ತಾಳೆ."

ಕಥೆ ಮುಗಿಯಿತು. ಈಗ ನಾನು ನಿಮ್ಮನ್ನು ಕೇಳುತ್ತೇನೆ.

ಇವತ್ತು ನೀವು ಇಲ್ಲಿಗೆ ಬಂದಿರಿ, ಸಂತೋಷ. ನೀವು ಬರಬೇಕಾದರೆ ಮನೆಯಲ್ಲಿ ಯಾರು ಉಳಿದರು? ಮಾವನ ಮಾತ್ರೆ ಹೊತ್ತಿಗೆ ಯಾರಿದ್ದಾರೆ? ಬುದ್ಧಿ ಬೆಳೆಯದ ತಂಗಿಯ ಕೈ ಹಿಡಿದು ಕೂತವರು ಯಾರು? 'ನಮ್ಮ ಅತ್ತಿಗೆ ಅಂದ್ರೆ ದೇವರು ಸ್ವಾಮಿ' ಎಂದು ನಿನ್ನೆ ಒಬ್ಬರು ನನ್ನ ಹತ್ತಿರ ಹೇಳಿದರು. ಸರಿ, ದೇವರು ಊಟಕ್ಕೆ ಎಷ್ಟು ಹೊತ್ತಿಗೆ ಕೂತರು, ಗೊತ್ತೇ ನಿಮಗೆ?

ಹೊಗಳಿದರೆ ಅವರ ಸೊಂಟದ ನೋವು ಹೋಗುವುದಿಲ್ಲ. ಬಿಡುವು ಕೊಟ್ಟರೆ ಸ್ವಲ್ಪ ಹೋದೀತು. 'ಏನಾದ್ರೂ ಬೇಕಾದ್ರೆ ಹೇಳಿ' ಎನ್ನುವ ಮಾತನ್ನು ಇವತ್ತೇ ಬಿಡಿ, ಅದೂ ಒಂದು ಪಾಸು. ಅದರ ಬದಲು ಹೇಳಬೇಕಾದ್ದು ಇದು: 'ನೀವು ಹೋಗಿ, ನಾನು ಕೂತಿರ್ತೀನಿ.' ಹೇಳುವ ಮೊದಲು ಕಲಿಯಿರಿ. ಯಾವ ಮಾತ್ರೆ ಯಾವಾಗ, ಗಂಜಿ ಎಷ್ಟು ಬಿಸಿ, ಮಗ್ಗುಲು ಯಾವ ಕಡೆ, ಇದನ್ನು ಮಾಡುವವರನ್ನೇ ಕೇಳಿ ಕಲಿಯಿರಿ. ವಾರಕ್ಕೊಂದು ದಿನ ಗೊತ್ತು ಮಾಡಿ. ಗೊತ್ತು ಮಾಡಿದ ದಿನ ತಪ್ಪಿಸಬೇಡಿ, ಅವರು ಆರು ದಿನದಿಂದ ಅದನ್ನೇ ಕಾಯುತ್ತಿರುತ್ತಾರೆ.

ನಾಳೆಯೂ ಪ್ರವಚನವಿದೆ. ನಾಳೆ ನಿಮ್ಮಲ್ಲಿ ಕೆಲವರ ಮುಖ ಇಲ್ಲಿ ಕಾಣಬಾರದು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮ ಕುರ್ಚಿಯಲ್ಲಿ ಇವತ್ತು ಮನೆಯಲ್ಲಿ ಉಳಿದವರು ಕೂತಿರಲಿ. ಬಂದು, ಐದು ನಿಮಿಷಕ್ಕೆ ನಿದ್ದೆ ಹೋದರೆ ಪಕ್ಕದವರು ಯಾರೂ ಎಬ್ಬಿಸಬೇಡಿ. ನಾನು ದನಿ ತಗ್ಗಿಸಿ ಮಾತಾಡುತ್ತೇನೆ.